ಬಾಗಿಲ ಮೇಲಿನ ಮೂರು ಕೊಕ್ಕರೆ

ಲಾರ್ಡ್ ಹ್ಯಾಲೊಬಿಯವರು ತೀರಿಕೊಂಡದ್ದು ಜೂನ್ ತಿಂಗಳ ಒಂದು ಮಂಗಳವಾರ. ಆ ಸಂಗತಿ ಅವರಿಗೆ ತಿಳಿದುಬಂದದ್ದು ಗುರುವಾರ. ನಡುವಿನ ಎರಡು ದಿನ ಅವರು ಎಂದಿನಂತೆ ಉಂಡು, ಮಲಗಿ, ತಮ್ಮದೇ ಸಾವಿಗೆ ಕಪ್ಪು ಬಟ್ಟೆ ತೊಟ್ಟು, ಎರಡು ಸಲ ಕಣ್ಣೀರನ್ನೂ ಹಾಕಿದರು. ಲಿಂಕನ್‌ಶೈರಿನ ದೊಡ್ಡ ಮನೆತನಗಳಲ್ಲಿ ಇದು ನಡೆಯಬಾರದ್ದೇನೂ ಅಲ್ಲ. ಅಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ಕೇಳುವುದು ಒರಟುತನ, ಕೂಲಿಯವರ ಲಕ್ಷಣ.

ಎಲ್ಲದಕ್ಕೂ ಮೂಲ ಪಕ್ಕದ ಜಹಗೀರಿನ ಲೇಡಿ ವರ್ಲಿಂಗ್ ಅವರು ಶುಕ್ರವಾರಕ್ಕೆ ಗೊತ್ತುಮಾಡಿದ್ದ ವೇಷದ ನೃತ್ಯಕೂಟ. ಬರುವವರೆಲ್ಲ ತಮ್ಮ ತಮ್ಮ ವಂಶದ ಪೂರ್ವಿಕರೊಬ್ಬರ ವೇಷದಲ್ಲೇ ಬರಬೇಕು ಎಂದು ಆಹ್ವಾನಪತ್ರದಲ್ಲಿ ಅಚ್ಚಾಗಿತ್ತು. ಇದನ್ನು ಓದಿ ಇಡೀ ಜಿಲ್ಲೆಗೆ ಒಳಗೊಳಗೇ ಚಳಿ ಹಿಡಿಯಿತು. ತೋರಿಸಿಕೊಳ್ಳುವಂಥ ಪೂರ್ವಿಕರು ಎಲ್ಲರಿಗೂ ಇರುತ್ತಾರೆಯೇ? ಹ್ಯಾಲೊಬಿ ಮನೆತನದ ಮೊದಲ ಲಾರ್ಡ್, ಅಂದರೆ ಈಗಿನ ದೊರೆಗಳ ಮುತ್ತಜ್ಜ, ಸೈನ್ಯಕ್ಕೆ ಕಂಬಳಿ ಮಾರಿ ಪದವಿ ಪಡೆದವನು. ಮೆಟ್ಟಿಲ ಗೋಡೆಯ ಚಿತ್ರದಲ್ಲಿ ಅವನು ಕಂಬಳಿಯ ಮಾದರಿಯೊಂದನ್ನು ತೋಳಿನ ಮೇಲೆ ಹಾಕಿಕೊಂಡೇ ನಿಂತಿದ್ದಾನೆ.

"ಕಂಬಳಿ ಹೊದ್ಕೊಂಡು ನೃತ್ಯಕ್ಕೆ ಹೋಗ್ತೀಯಾ ನೀನು?" ಎಂದು ಕೇಳಿದವರು ದೊರೆಗಳ ಅಕ್ಕ ಡ್ರುಸಿಲ್ಲಾ. ಮದುವೆಯಾಗದ, ಅರವತ್ತೊಂದು ವರ್ಷದ, ಮನೆಯಲ್ಲಿ ನಿಜವಾಗಿ ದೊರೆತನ ನಡೆಸುತ್ತಿದ್ದ ಹೆಂಗಸು ಆಕೆ.

"ಕಂಬಳಿ ಬೆಚ್ಚಗಿರುತ್ತೆ ಅಕ್ಕಾ," ಎಂದರು ದೊರೆಗಳು.

"ಬಾಯ್ಮುಚ್ಚು ಆಸ್ಬರ್ಟ್. ನೀನು ಸರ್ ಗೈ ಆಗಿ ಹೋಗ್ತೀಯ."

"ಯಾರು ಸರ್ ಗೈ?"

"ಐನೂರು ವರ್ಷದ ಹಿಂದೆ ರಾಜನ ಜೊತೆ ಯುದ್ಧಕ್ಕೆ ಹೋದ ನಮ್ಮ ಪೂರ್ವಿಕ."

"ಇದ್ದನಾ ಅಂಥವನು?"

"ಇರಲಿಲ್ಲ ಅಂತ ಯಾರಾದ್ರೂ ಬಂದು ಹೇಳಲಿ, ನೋಡೋಣ."

ಹೀಗೆ ಸರ್ ಗೈ ಆ ಮಧ್ಯಾಹ್ನ ಚಹಾದ ಹೊತ್ತಿಗೆ ಹುಟ್ಟಿದ. ಅವನಿಗೆ ಕೆಂಪು ಕಾಲುಚೀಲ, ಹೆಗಲವರೆಗಿನ ಕೂದಲು, ಎದೆ ಮತ್ತು ಬೆನ್ನಿನ ಮೇಲೆ ಮನೆತನದ ಲಾಂಛನ ಕಸೂತಿ ಮಾಡಿದ ಮೇಲಂಗಿ ಎಂದು ನಿಶ್ಚಯವಾಯಿತು. ಲಾಂಛನವೆಂದರೆ ಮೂರು ಕೊಕ್ಕರೆ. ಆದರೆ ಅವು ಯಾವ ಕಡೆ ತಿರುಗಿ ನಿಂತಿವೆ, ಯಾವ ಕಾಲು ಎತ್ತಿವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗಾಡಿಯ ಬಾಗಿಲ ಮೇಲಿನವು ಬಣ್ಣ ಹೋಗಿ ಬಾತುಕೋಳಿಗಳಂತಾಗಿದ್ದವು.

"ಚರ್ಚಿನಲ್ಲಿ ಒಂದು ದೊಡ್ಡ ಚಿತ್ರ ಇದೆಯಲ್ಲ ಅಕ್ಕಾ, ಅದ್ರಲ್ಲಿ ಸ್ಪಷ್ಟವಾಗಿದೆ," ಎಂದರು ದೊರೆಗಳು, ಬಹಳ ದಿನಗಳ ಮೇಲೆ ಒಂದು ವಿಷಯ ತಮಗೆ ಗೊತ್ತಿದೆ ಎಂಬ ಹುರುಪಿನಿಂದ. "ಮಧ್ಯದ ಕೊಕ್ಕರೆ ಬಾಯಲ್ಲಿ ಮೀನಿದೆ. ಪಾದ್ರಿಗಳ ಬೋಧೆ ಉದ್ದ ಆದ ದಿನ ನಾನು ಆ ಮೀನಿನ ಹುರುಪೆ ಎಣಿಸ್ತೀನಿ."

ದೊರೆಗಳು ಚಿತ್ರ ಎಂದದ್ದು ಸೂತಕದ ಹಲಗೆಗೆ. ಇಂಥ ಮನೆಗಳಲ್ಲಿ ಯಜಮಾನರೋ ಮನೆಯ ಹಿರಿಯರೋ ತೀರಿಕೊಂಡರೆ ಆಳೆತ್ತರದ ಕಪ್ಪು ಹಲಗೆಯೊಂದರ ಮೇಲೆ ಮನೆತನದ ಲಾಂಛನ ಬರೆಸಿ, ಮುಂಬಾಗಿಲ ನೆತ್ತಿಗೆ ತೂಗುಹಾಕುತ್ತಾರೆ. ಒಂದು ವರ್ಷ ಅಲ್ಲಿದ್ದು ಆಮೇಲೆ ಅದು ಚರ್ಚಿಗೆ ಹೋಗುತ್ತದೆ. ದಾರಿಯಲ್ಲಿ ಹೋಗುವ ಕುರಿಕಾಯುವವನಿಗೂ ಅದರ ಅರ್ಥ ಗೊತ್ತು. ಹಲಗೆ ಪೂರ್ತಿ ಕಪ್ಪಗಿದ್ದರೆ ಸತ್ತವರಿಗೆ ಗಂಡನೋ ಹೆಂಡತಿಯೋ ಉಳಿದಿಲ್ಲ ಎಂಬುದೂ ಗೊತ್ತು. ಈ ಹಲಗೆ ದೊರೆಗಳ ತಂದೆಯದು. ಇಪ್ಪತ್ತೆರಡು ವರ್ಷ ಪ್ರತಿ ಭಾನುವಾರ ನೋಡಿ ನೋಡಿ, ದೊರೆಗಳ ಮಟ್ಟಿಗೆ ಅದರಲ್ಲಿ ಸಾವು ಕರಗಿಹೋಗಿ ಮೀನು ಮಾತ್ರ ಉಳಿದಿತ್ತು.

ಡ್ರುಸಿಲ್ಲಾ ಸೋಮವಾರ ಕೂದಲಿನ ಟೋಪಿಗಳನ್ನು ತರಲು ಲಂಡನ್ನಿಗೆ ಹೊರಟರು. ಗಾಡಿ ಹತ್ತುವಾಗ ಎರಡು ಮಾತು ಹೇಳಿದರು. ಮೊದಲನೆಯದು ಸೋದರ ಸೊಸೆ ಲೆಟಿಷಾಳಿಗೆ: "ಆ ಕೈಗವಸು ಏನು, ಅಡುಗೆಯವಳದ್ದಾ? ಬದಲಾಯಿಸು." ಎರಡನೆಯದು ತಮ್ಮನಿಗೆ: "ಆ ಹಲಗೆ ಬೂಷ್ಟು ಹಿಡಿದು ನಾರುತ್ತಿರುತ್ತೆ. ಒಳಗೆ ತರಬೇಡ, ಮೊದಲು ಬಿಸಿಲಿಗೆ ಹಾಕು."

ಲೆಟಿಷಾಳ ವಿಷಯ ಇಲ್ಲಿ ಹೇಳಲೇಬೇಕು, ಏಕೆಂದರೆ ಈ ಕಥೆಯಲ್ಲಿ ನಿಜವಾಗಿ ಕಳೆದುಹೋಗಬಹುದಾಗಿದ್ದದ್ದು ಅವಳ ಬದುಕು. ದೊರೆಗಳ ಒಬ್ಬಳೇ ಮಗಳು, ತಾಯಿಯಿಲ್ಲದವಳು, ಇಪ್ಪತ್ತಾರು ತುಂಬಿತ್ತು. ಲೇಡಿ ವರ್ಲಿಂಗ್ ಅವರ ಅಕ್ಕನ ಮಗ ಕ್ಯಾಪ್ಟನ್ ಮೆರಿಕ್ ಹಡಗಿನವನು, ಸಮುದ್ರದ ಆಳ ಅಳೆದು ನಕ್ಷೆ ಮಾಡುವವನು. ಮೂರು ವರ್ಷದಿಂದ ರಜೆಗೆ ಬಂದಾಗಲೆಲ್ಲ ಅವಳ ಜೊತೆ ತೋಟದಲ್ಲಿ ನಡೆದಾಡುತ್ತ ಅಲೆ, ಗಾಳಿ, ಆಳಗಳ ಬಗ್ಗೆ ಮಾತಾಡುತ್ತಿದ್ದ. ಆ ಆಳದಿಂದ ಮೇಲೆ ಬಂದು ಒಂದು ಮಾತು ಕೇಳಲು ಅವನಿಗೆ ಆಗಿರಲಿಲ್ಲ. ಬರುವ ಶನಿವಾರ ಅವನ ಹಡಗು ಚೀನಾ ಸಮುದ್ರಕ್ಕೆ, ಮೂರು ವರ್ಷಕ್ಕೆ. ಶುಕ್ರವಾರ ನಾಲ್ಕನೆಯ ನೃತ್ಯದ ಹೊತ್ತಿಗೆ ಅವನು ಕೇಳಿಯೇ ಕೇಳುತ್ತಾನೆಂದು ಇಡೀ ಜಿಲ್ಲೆ ನಂಬಿತ್ತು. ಲೇಡಿ ವರ್ಲಿಂಗ್ ತಮ್ಮ ಗಾಜಿನ ಹೂಮನೆಯಲ್ಲಿ ಎರಡೇ ಎರಡು ಕುರ್ಚಿ ಹಾಕಿಸಿದ್ದರು.

ಮಂಗಳವಾರ, ಪಾದ್ರಿಗಳು ಏಳುವ ಮೊದಲೇ, ಚರ್ಚಿನಿಂದ ಹಲಗೆ ಬಂತು. ಡ್ರುಸಿಲ್ಲಾ ಹೇಳಿದ್ದು ಸುಳ್ಳಾಗಲಿಲ್ಲ, ನಾಲ್ಕು ಮಾರು ದೂರಕ್ಕೆ ನಾತ ಹೊಡೆಯುತ್ತಿತ್ತು. ದೊರೆಗಳು ಬಿಸಿಲನ್ನು ಹುಡುಕಿಕೊಂಡು ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ದಕ್ಷಿಣಕ್ಕೆ ಮುಖಮಾಡಿದ ಮುಂಬಾಗಿಲ ಮೇಲೆ ಬಿಸಿಲು ಭರ್ಜರಿಯಾಗಿ ಬಿದ್ದಿತ್ತು. ಅಲ್ಲೇ ಬಾಗಿಲ ನೆತ್ತಿಯಲ್ಲಿ ಗಟ್ಟಿಮುಟ್ಟಾದ ಕಬ್ಬಿಣದ ಕೊಕ್ಕೆಯೂ ಇತ್ತು. ಯಾರೋ ಪುಣ್ಯಾತ್ಮರು ಮುಂದಾಲೋಚನೆ ಮಾಡಿ ಹೊಡೆಸಿಟ್ಟಿದ್ದಾರೆ ಎಂದು ದೊರೆಗಳಿಗೆ ಬಹಳ ಸಂತೋಷವಾಯಿತು.

"ಇಲ್ಲಿಗೇನಾ ದೊರೆಗಳೇ?" ಎಂದ ತೋಟದ ಮುದುಕ ಹಾಬ್ಡೇ, ಏಣಿಯ ಮೇಲೆ ನಿಂತು.

"ಇಲ್ಲಿಗೇ. ಚೆನ್ನಾಗಿ ಕಾಣೋ ಹಾಗೆ ಹಾಕು."

ಹಾಬ್ಡೇ ಹಲಗೆ ಹಾಕಿ ಇಳಿದು, ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅವನ ಕಣ್ಣಲ್ಲಿ ನೀರು. ವಯಸ್ಸಾಯಿತು, ಪಾಪ, ಬಿಸಿಲಿಗೆ ಕಣ್ಣು ತಡೆಯುವುದಿಲ್ಲ ಎಂದುಕೊಂಡು ದೊರೆಗಳು ಅವನಿಗೆ ಒಂದು ಲೋಟ ಬಿಯರ್ ಕೊಡಿಸಿದರು.

ಪೇಟೆಯಿಂದ ಕರೆಸಿದ್ದ ದರ್ಜಿ ಮಿಸ್ ಟಿಬಿಟ್ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಹಲಗೆಯ ನಕಲು ತೆಗೆದಳು.

"ಇದ್ರಲ್ಲಿ ಇರೋದನ್ನೆಲ್ಲ ಹೊಲೀಬೇಕಾ ದೊರೆಗಳೇ?"

"ಎಲ್ಲ. ಒಂದನ್ನೂ ಬಿಡಬೇಡಿ."

ಮಿಸ್ ಟಿಬಿಟ್ ಕೆಲಸದಲ್ಲಿ ಪ್ರಾಮಾಣಿಕಳು. ಮೂರು ಕೊಕ್ಕರೆ, ಮೀನು, ಸುತ್ತಲಿನ ಕಪ್ಪು, ಕೆಳಗಿನ ತಲೆಬುರುಡೆ, ಅದರಡಿ ಇಂಥ ಹಲಗೆಗಳ ಮೇಲೆ ವಾಡಿಕೆಯಾಗಿ ಬರೆಸುವ ಲ್ಯಾಟಿನ್ ಮಾತು, ಅಂದರೆ 'ಮತ್ತೆ ಎದ್ದು ಬರುವೆನು' ಎಂಬುದು, ಎಲ್ಲವನ್ನೂ ಬರೆದುಕೊಂಡು ಮೇಲಿನ ಕೋಣೆಗೆ ಹೊಲಿಯಲು ಹೋದಳು.

ಹನ್ನೊಂದು ಗಂಟೆಗೆ ಬಟ್ಲರ್ ಸ್ಪೆಡಿಂಗ್ ಹೊರಗೆ ಬಂದು ತಲೆಯೆತ್ತಿ ನೋಡಿದ. ಸ್ಪೆಡಿಂಗ್ ಮೂವತ್ತೊಂದು ವರ್ಷದ ಸೇವೆಯಲ್ಲಿ ಯಜಮಾನರನ್ನು ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ. ಕೇಳುವ ಮೊದಲೇ ತಿಳಿದುಕೊಳ್ಳುವವನೇ ಬಟ್ಲರ್ ಎಂಬುದು ಅವನ ಮತ. ಹಲಗೆ ಪೂರ್ತಿ ಕಪ್ಪು. ದೊರೆಗಳು ಎದುರಿಗೇ ಬದುಕಿ ನಿಂತಿದ್ದಾರೆ. ಅಂದಮೇಲೆ ಲಂಡನ್ನಿಗೆ ಹೋದ ಮದುವೆಯಾಗದ ಡ್ರುಸಿಲ್ಲಾ ಅಮ್ಮನವರು ಹೋಗಿಬಿಟ್ಟಿದ್ದಾರೆ. ಸ್ಪೆಡಿಂಗ್ ಒಮ್ಮೆ ಕಣ್ಣು ಮುಚ್ಚಿ ತೆರೆದ, ಆಮೇಲೆ ಕೆಲಸಕ್ಕೆ ಇಳಿದ. ಅರ್ಧ ಗಂಟೆಯಲ್ಲಿ ಮನೆಯ ಅರವತ್ತು ಕಿಟಕಿಗಳ ಪರದೆ ಇಳಿದವು. ಬಾಗಿಲು ಬಡಿಯುವ ಹಿತ್ತಾಳೆಯ ಬಳೆಗೆ ಕಪ್ಪು ಬಟ್ಟೆ ಸುತ್ತಿದ್ದಾಯಿತು. ಆಳುಗಳ ತೋಳಿಗೆ ಕಪ್ಪು ಪಟ್ಟಿ ಬಂತು. ದೊರೆಗಳ ಕೋಟು, ಷರಾಯಿ, ಬೇಟೆಯ ಉಡುಪು ಸಮೇತ ಎಲ್ಲವೂ ಕಪ್ಪು ಬಣ್ಣ ಹಾಕಿಸಲು ಪೇಟೆಗೆ ಹೋದವು, ತಂದೆ ಸತ್ತಾಗ ಹೊಲಿಸಿದ್ದ ಒಂದು ಹಳೆಯ ಕಪ್ಪು ಉಡುಪು ಮಾತ್ರ ಮಂಚದ ಮೇಲೆ ಉಳಿಯಿತು.

ಮಧ್ಯಾಹ್ನದ ಊಟಕ್ಕೆ ಬಟ್ಟೆ ಬದಲಿಸಲು ಹೋದ ದೊರೆಗಳು ಅದನ್ನು ಕಂಡು ನಿಂತುಬಿಟ್ಟರು. ಪರದೆ ಇಳಿದಿದೆ. ಆಳುಗಳು ತುದಿಗಾಲಲ್ಲಿ ನಡೆಯುತ್ತಿದ್ದಾರೆ. ಯಾರೋ ಹೋಗಿದ್ದಾರೆ. ಯಾರು ಎಂಬುದು ತಮಗೆ ಗೊತ್ತಿರಲೇಬೇಕಾದ ವಿಷಯ, ಬೆಳಿಗ್ಗೆ ಯಾರೋ ಹೇಳಿರಬೇಕು, ತಾವು ಎಂದಿನಂತೆ ಕೇಳಿಸಿಕೊಂಡಿಲ್ಲ. ಈಗ ಹೋಗಿ ಯಾರು ಸತ್ತರು ಎಂದು ಕೇಳುವುದು ಹೇಗೆ? ಎಂಥ ನಾಚಿಕೆಗೇಡು! ದೊರೆಗಳು ಮಾತಾಡದೆ ಕಪ್ಪು ಬಟ್ಟೆ ತೊಟ್ಟುಕೊಂಡರು. ಹೊಟ್ಟೆಯ ಬಳಿ ಬಿಗಿಯಾಯಿತು, ಅದೂ ದುಃಖದ ಒಂದು ಭಾಗವೆಂದು ತಡೆದುಕೊಂಡರು.

ಸಂಜೆ ಚರ್ಚಿನ ಗಂಟೆ ಬಾರಿಸಿತು. ಹಲಗೆ ನೋಡಿದ ಊರವರು ಸತ್ತವರು ದೊರೆಗಳೇ ಎಂದು ತಾವಾಗಿಯೇ ನಿಶ್ಚಯಿಸಿಕೊಂಡಿದ್ದರು. ಹೆಂಡತಿ ಇಲ್ಲದ ಯಜಮಾನ, ಪೂರ್ತಿ ಕಪ್ಪು ಹಲಗೆ, ಮತ್ತೇನು ಬೇಕು? ಅಲ್ಲಿಯ ವಾಡಿಕೆಯಂತೆ ಸತ್ತವರ ವಯಸ್ಸು ಎಷ್ಟೋ ಅಷ್ಟು ಬಡಿತ. ದೊರೆಗಳು ಕಿಟಕಿಯ ಬಳಿ ನಿಂತು ಎಣಿಸಿದರು.

"ಐವತ್ತೆಂಟು," ಎಂದರು ಸ್ಪೆಡಿಂಗನಿಗೆ. "ನನ್ನ ವಯಸ್ಸೇ. ಇದು ಹೋಗೋ ವಯಸ್ಸಾ?"

ಡ್ರುಸಿಲ್ಲಾ ಅಮ್ಮನವರು ಐವತ್ತೆಂಟಕ್ಕೆ ಬಂದು ನಿಂತು ಆಗಲೇ ಮೂರು ವರ್ಷವಾಗಿದೆಯೆಂದು ಸ್ಪೆಡಿಂಗನಿಗೆ ಗೊತ್ತಿತ್ತು. "ಅವರು ಇಷ್ಟಪಟ್ಟ ವಯಸ್ಸು ಅದು ದೊರೆಗಳೇ," ಎಂದ.

"ಬಹಳ ದಿನದ ನಂಟು, ಅಲ್ವಾ ಸ್ಪೆಡಿಂಗ್?"

"ಮೂವತ್ತೊಂದು ವರ್ಷ ದೊರೆಗಳೇ."

ಹಾಗಾದರೆ ಇದು ಸ್ಪೆಡಿಂಗನ ಕಡೆಯವರದೇ ಸಾವು. ದೊರೆಗಳು ಕಣ್ಣೀರು ಒರೆಸಿಕೊಂಡರು. "ಊರಿಗೆ ಹೋಗ್ಬೇಕು ಅಂದ್ರೆ ಹೋಗಿ ಬನ್ನಿ. ಇಲ್ಲಿ ಹೇಗೋ ನಡೆಯುತ್ತೆ."

"ಇಂಥ ಹೊತ್ತಲ್ಲಿ ನನ್ನ ಜಾಗ ಇಲ್ಲೇ," ಎಂದು ಸ್ಪೆಡಿಂಗ್ ಮುಖ ತಿರುಗಿಸಿಕೊಂಡ. 

ಬುಧವಾರ ತಿಂಡಿಗೆ ಲೆಟಿಷಾ ಕಪ್ಪು ಉಡುಪಿನಲ್ಲಿ ಬಂದಳು. ಕಣ್ಣು ಊದಿಕೊಂಡಿತ್ತು. ಅತ್ತೆ ಹೋದರೆಂದು ಅವಳಿಗೆ ದಾಸಿ ಹೇಳಿದ್ದಳು, ದಾಸಿಗೆ ಸ್ಪೆಡಿಂಗನ ಮುಖ ಹೇಳಿತ್ತು.

"ಪಪ್ಪಾ, ಬಹಳ ನೋವು ತಿಂದ್ರಂತಾ?"

ಮಗಳನ್ನು ಸಮಾಧಾನ ಮಾಡುವುದು ತಂದೆಯ ಧರ್ಮ. "ಇಲ್ಲ ಮಗಳೇ. ದೀಪ ಆರಿದ ಹಾಗೆ ಹೋದ್ರಂತೆ."

"ಹೋಗೋ ಮುಂಚೆ ನನ್ನ ಮೇಲೆ ರೇಗಿದ್ರು. ಕೈಗವಸು ಸರಿ ಇಲ್ಲ ಅಂತ. ನಾನು ಮನಸ್ಸಲ್ಲೇ ಬೈಕೊಂಡೆ ಪಪ್ಪಾ."

ಸ್ಪೆಡಿಂಗನ ನೆಂಟರು ನನ್ನ ಮಗಳ ಕೈಗವಸಿನ ತಂಟೆಗೆ ಏಕೆ ಬಂದರು ಎಂಬುದು ದೊರೆಗಳಿಗೆ ಹೊಳೆಯಲಿಲ್ಲ. "ಮನಸ್ಸಿಗೆ ಹಚ್ಕೋಬೇಡ," ಎಂದರು. "ಒಳಗೊಳಗೆ ಒಳ್ಳೆಯವರೇ ಇದ್ದಿರ್ಬೇಕು."

ಲೆಟಿಷಾ ಜೋರಾಗಿ ಅತ್ತಳು. ಮಗಳು ಅಳುವುದನ್ನು ನೋಡಿ ದೊರೆಗಳೂ ಅತ್ತರು.

ಅಂದು ಮಧ್ಯಾಹ್ನ ಕ್ಯಾಪ್ಟನ್ ಮೆರಿಕ್ ಬಂದ. ಸೂತಕದ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ, ಮನೆಯವರು ಹೊರಗೆ ಬರುವಂತಿಲ್ಲ. ಅವನು ಹೆಸರಿನ ಚೀಟಿಯ ಮೂಲೆ ಮಡಿಸಿ, ಹಿಂದೆ ಎರಡು ಸಾಲು ಬರೆದು ಸ್ಪೆಡಿಂಗನ ಬೆಳ್ಳಿ ತಟ್ಟೆಯಲ್ಲಿ ಇಟ್ಟ. ಆಮೇಲೆ ಟೋಪಿ ಕೈಯಲ್ಲಿ ಹಿಡಿದು ಅಂಗಳದ ಜಲ್ಲಿಯ ಮೇಲೆ ಬಹಳ ಹೊತ್ತು ನಿಂತಿದ್ದ. ಲೆಟಿಷಾ ಪರದೆಯ ಸಂದಿಯಿಂದ ನೋಡುತ್ತ ನಿಂತಿದ್ದಳು. ಅವರಿಬ್ಬರ ನಡುವೆ ಇದ್ದದ್ದು ಹತ್ತು ಮಾರು ಜಾಗ ಮತ್ತು ಒಂದು ಹಲಗೆ. ಅವನು ಹೋದ.

ಗುರುವಾರ ಮಧ್ಯಾಹ್ನ ಡ್ರುಸಿಲ್ಲಾ ಲಂಡನ್ನಿನಿಂದ ವಾಪಸಾದರು. ದಾರಿಯಲ್ಲಿ ಜಿಲ್ಲೆಯ ವಾರಪತ್ರಿಕೆ ಕೊಂಡಿದ್ದರು. ಮೂರನೆಯ ಪುಟದಲ್ಲಿ ತಮ್ಮನ ಸಾವಿನ ಸುದ್ದಿ ಓದಿ, ನಡುವಿನ ನಿಲ್ದಾಣದಲ್ಲಿಳಿದು ಕಪ್ಪು ಮುಸುಕು ಕೊಂಡು ಹಾಕಿಕೊಂಡು, ಮುಸುಕಿನೊಳಗೆ ನಿಜವಾಗಿಯೂ ಅಳುತ್ತ ಬಂದರು. ಬಾಗಿಲು ತೆಗೆದ ಸ್ಪೆಡಿಂಗ್ ಸತ್ತ ಅಮ್ಮನವರು ಮುಸುಕು ಹಾಕಿಕೊಂಡು ಮೆಟ್ಟಿಲು ಹತ್ತುತ್ತಿರುವುದನ್ನು ಕಂಡು ತಟ್ಟೆ ಬೀಳಿಸಿದ. ಮೂವತ್ತೊಂದು ವರ್ಷದಲ್ಲಿ ಅದು ಮೊದಲನೆಯ ಸಲ. ಆದರೂ ಏನನ್ನೂ ಕೇಳಲಿಲ್ಲ.

ಊಟದ ಕೋಣೆಯಲ್ಲಿ ದೊರೆಗಳು ಒಬ್ಬರೇ ಕೂತು ಬೇಯಿಸಿದ ಮೊಟ್ಟೆಯ ತಲೆ ಒಡೆಯುತ್ತಿದ್ದರು.

"ಆಸ್ಬರ್ಟ್!" ಎಂದರು ಡ್ರುಸಿಲ್ಲಾ. "ನೀನು ಸತ್ತಿದ್ದೀಯ!"

"ಹೌದಾ ಅಕ್ಕಾ?" ಎಂದು ದೊರೆಗಳು ಚಮಚ ಕೆಳಗಿಟ್ಟರು. "ನಂಗೆ ಯಾರೂ ಹೇಳ್ಲೇ ಇಲ್ಲ."

"ಮತ್ತೆ ಈ ಕಪ್ಪು ಬಟ್ಟೆ ಯಾರಿಗೆ ಹಾಕ್ಕೊಂಡಿದ್ದೀಯ?"

"ಅದನ್ನೇ ನೀನು ಬಂದು ಹೇಳ್ತೀಯ ಅಂತ ಕಾಯ್ತಿದ್ದೆ."

ಡ್ರುಸಿಲ್ಲಾ ಕುರ್ಚಿಯಲ್ಲಿ ಕುಸಿದರು. ಸದ್ದು ಕೇಳಿ ಓಡಿಬಂದ ಲೆಟಿಷಾ ಅತ್ತೆಯನ್ನು ಕಂಡು ಕಿರುಚಿದಳು, ಕುತ್ತಿಗೆಗೆ ಜೋತುಬಿದ್ದಳು. "ಅತ್ತೇ! ನೀವು ಬದುಕಿದ್ದೀರಾ ಅತ್ತೇ!"

"ನಾನ್ಯಾಕೆ ಸಾಯಲಿ? ಇನ್ನೂ ಅದೇ ಕೈಗವಸಾ ನಿಂದು?"

ಎಲ್ಲ ಬಯಲಾಗಲು ಕಾಲು ಗಂಟೆ ಹಿಡಿಯಿತು. ಹಲಗೆಯನ್ನು ಎಲ್ಲಿ ಹಾಕಿದ್ದೆ ಎಂದು ಡ್ರುಸಿಲ್ಲಾ ಕೇಳಿದರು. ಮುಂಬಾಗಿಲ ಮೇಲೆ, ಅಲ್ಲೊಂದು ಕೊಕ್ಕೆ ಇತ್ತು ಎಂದರು ದೊರೆಗಳು. ಆ ಕೊಕ್ಕೆ ಯಾತಕ್ಕೆ ಇದೆ ಎಂದು ಡ್ರುಸಿಲ್ಲಾ ಕೇಳಿದರು. ದೊರೆಗಳು ಯೋಚಿಸಿದರು. ಅವರ ಮುಖ ನಿಧಾನವಾಗಿ ಬಿಳಿಚಿಕೊಂಡಿತು.

ಆಮೇಲೆ ಪತ್ರಿಕೆಯನ್ನು ತೆಗೆದುಕೊಂಡು ತಮ್ಮ ಸಾವಿನ ಸುದ್ದಿಯನ್ನು ಓದಿದರು. ಐದು ಸಾಲಿತ್ತು. 'ಯಾರ ತಂಟೆಗೂ ಹೋಗದ ಸಜ್ಜನರು' ಎಂದು ಶುರುವಾಗಿ, 'ಯಾರಿಗೂ ತೊಂದರೆ ಕೊಟ್ಟವರಲ್ಲ' ಎಂದು ಮುಗಿದಿತ್ತು. ನಡುವೆ ಅವರ ತಂದೆಯ ಬಗ್ಗೆ ಬರೆದಿದ್ದರು. ದೊರೆಗಳು ಹಾಳೆ ತಿರುಗಿಸಿ ನೋಡಿದರು, ಉಳಿದದ್ದು ಹಿಂದಿನ ಪುಟದಲ್ಲಿರಬಹುದೆಂದು. ಅಲ್ಲಿ ಹಂದಿಗಳ ಸಂತೆಯ ಸುದ್ದಿ ಇತ್ತು. ಅವರಿಗೆ ಬಹಳ ಬೇಸರವಾಯಿತು. ಐವತ್ತೆಂಟು ವರ್ಷ ಬದುಕಿದ ಮನುಷ್ಯ ಒಂದೇ ಒಂದು ಕೆಲಸ ಮಾಡಿದನೆಂದು ಹೇಳಲು ಒಬ್ಬನಿಗೂ ಏನೂ ಸಿಕ್ಕಿರಲಿಲ್ಲ.

"ನಡೆದಿದ್ದನ್ನ ಇದ್ದ ಹಾಗೆ ಹೊರಗೆ ಹೇಳಿದ್ರೆ," ಎಂದರು ಡ್ರುಸಿಲ್ಲಾ, "ಜಿಲ್ಲೆ ಪೂರ್ತಿ ನಗುತ್ತೆ. ಇಲ್ಲದ ಪೂರ್ವಿಕನಿಗೆ ಅಪ್ಪನ ಸೂತಕದ ಹಲಗೆ ಕದ್ದು ತಂದ್ರು ಅಂತಾರೆ. ಅದಕ್ಕಿಂತ ಸೂತಕವೇ ಇರಲಿ. ಮದೀರಾ ದ್ವೀಪದಲ್ಲಿ ನಮ್ಮ ದೂರದ ದಾಯಾದಿಯೊಬ್ಬ ಸತ್ತ ಅನ್ನೋಣ. ಆರು ವಾರ ಕಪ್ಪು ಬಟ್ಟೆ ಹಾಕ್ಕೊಂಡ್ರೆ ಮುಗೀತು."

"ಯಾವ ದಾಯಾದಿ?"

"ಸರ್ ಗೈ ಎಲ್ಲಿಂದ ಬಂದ್ನೋ ಅಲ್ಲಿಂದಲೇ."

"ಮತ್ತೆ ನಾಳೆ ನೃತ್ಯ? ಲೆಟಿಷಾ?"

ಡ್ರುಸಿಲ್ಲಾ ಮುಸುಕನ್ನು ಮಡಿಸತೊಡಗಿದರು. ಆಕೆ ಕೆಟ್ಟವರಲ್ಲ, ಆದರೆ ಜನ ನಗುತ್ತಾರೆಂಬ ಭಯ ಎಲ್ಲಕ್ಕಿಂತ ದೊಡ್ಡದು. ಲೆಟಿಷಾ ಉಡುಪಿನ ಜೇಬಿನಿಂದ ಕ್ಯಾಪ್ಟನ್ನನ ಚೀಟಿ ತೆಗೆದು ತಂದೆಯ ಕೈಗಿಟ್ಟಳು. 'ನಿಮ್ಮ ದುಃಖದ ಹೊತ್ತಿನಲ್ಲಿ ನನ್ನ ಮನಸ್ಸಿನ ಮಾತು ಎತ್ತುವುದು ಸಲ್ಲದು. ಶುಕ್ರವಾರ ಬೆಳಿಗ್ಗೆ ಹತ್ತೂ ಇಪ್ಪತ್ತರ ರೈಲಿಗೆ ಹೊರಡುತ್ತೇನೆ.'

"ಈಗಲೇ ಒಂದು ಕಾಗದ ಬರೆದು ಕಳಿಸೋಣ," ಎಂದರು ದೊರೆಗಳು.

"ಹೆಣ್ಣಿನ ಕಡೆಯವರು ಗಂಡಿಗೆ 'ಬಾ, ಕೇಳು' ಅಂತ ಕಾಗದ ಬರೀತಾರಾ?" ಎಂದರು ಡ್ರುಸಿಲ್ಲಾ. "ಅದಕ್ಕಿಂತ ಅವಳನ್ನ ಸಂತೆಗೆ ಹೊಡ್ಕೊಂಡು ಹೋಗು."

"ಪರವಾಗಿಲ್ಲ ಪಪ್ಪಾ," ಎಂದಳು ಲೆಟಿಷಾ. "ಮೂರು ವರ್ಷ ಬೇಗ ಆಗಿಹೋಗುತ್ತೆ." ಹಾಗೆಂದು ನಕ್ಕಳು. ದೊರೆಗಳು ಆ ನಗುವನ್ನು ಗುರುತು ಹಿಡಿದರು. ಅದು ಅವರದೇ ನಗು. ಜೀವನವಿಡೀ ಅವರು ಹಾಗೆಯೇ ಪರವಾಗಿಲ್ಲ ಎಂದು ನಕ್ಕುಕೊಂಡು ಬಂದಿದ್ದರು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ದೊರೆಗಳು ಕಪ್ಪು ಕೋಟಿಗೆ ಕೈಹಾಕಿದವರು ನಿಂತರು. ಕಪ್ಪು ತೊಟ್ಟು ಹೋಗಿ ಮನೆಯಲ್ಲಿ ಯಾರೂ ಸತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಬೇರೆ ಬಟ್ಟೆಗಳೆಲ್ಲ ಪೇಟೆಯ ಬಣ್ಣದ ತೊಟ್ಟಿಯಲ್ಲಿದ್ದವು. ಇಡೀ ಮನೆಯಲ್ಲಿ ಬಣ್ಣ ಅಂತ ಉಳಿದಿದ್ದದ್ದು ಮಿಸ್ ಟಿಬಿಟ್ ಹಿಂದಿನ ದಿನವಷ್ಟೇ ಮುಗಿಸಿ ಕುರ್ಚಿಯ ಮೇಲೆ ಹರವಿದ್ದ ಸರ್ ಗೈನ ವೇಷ. ದೊರೆಗಳು ಕೆಂಪು ಕಾಲುಚೀಲ ಎಳೆದುಕೊಂಡರು. ಹೆಗಲವರೆಗಿನ ಕೂದಲು ಸಿಕ್ಕಿಸಿಕೊಂಡರು. ಮೇಲಂಗಿ ತೊಟ್ಟರು. ಯಾರಿಗೂ ಹೇಳದೆ ಲಾಯಕ್ಕೆ ಹೋಗಿ, ತಾವೇ ಚಿಕ್ಕ ಗಾಡಿ ಕಟ್ಟಿಕೊಂಡು ಹೊರಟರು.

ಊರ ಬೀದಿಯಲ್ಲಿ ಜನ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಕಮ್ಮಾರ ಕುದುರೆಯ ಕಾಲನ್ನು ಕೈಯಲ್ಲೇ ಹಿಡಿದು ಮಂಡಿಯೂರಿದ. ನೀರು ಹೊತ್ತು ಬರುತ್ತಿದ್ದ ಮುದುಕಿ ದಾರಿಯ ಪಕ್ಕಕ್ಕೆ ಸರಿದು ಸೊಸೆಗೆ ಹೇಳಿದಳು: "ತಲೆ ಬಗ್ಸೇ. ದೊರೆಗೋಳು ಹೋಗೋ ಮುಂಚೆ ಒಂದ್ಸಲ ಊರು ನೋಡ್ಕಂಡು ಹೋಗೋಕೆ ಬಂದವ್ರೆ."

"ಏನವ್ವಾ ಅದು ಕೆಂಪು ಕಾಲು?"

"ಅಲ್ಲಿ ಹಂಗೇ ಇರ್ತದೆ."

ನಿಲ್ದಾಣದಲ್ಲಿ ರೈಲು ಬಂದು ನಿಂತಿತ್ತು. ಸ್ಟೇಷನ್ ಮಾಸ್ತರ್ ನಿಯಮದ ಮನುಷ್ಯ. ಎದುರು ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೆವರಿದ, ಆದರೆ ಜಾಗ ಬಿಡಲಿಲ್ಲ.

"ದೊರೆಗಳೇ, ದಯವಿಟ್ಟು ಕ್ಷಮಿಸ್ಬೇಕು. ತೀರಿಕೊಂಡವರು ಹಿಂದಿನ ಸಾಮಾನಿನ ಡಬ್ಬಿಯಲ್ಲಿ ಹೋಗ್ಬೇಕು. ಪೆಟ್ಟಿಗೆ ಇರ್ಬೇಕು. ಜೊತೆಗೆ ಒಬ್ಬರು ಸಹಿ ಹಾಕೋರು ಬೇಕು."

"ನಾನು ಪ್ರಯಾಣ ಮಾಡಲ್ಲ," ಎಂದು ದೊರೆಗಳು ಅವನನ್ನು ಪಕ್ಕಕ್ಕೆ ಸರಿಸಿದರು. ಮನುಷ್ಯನೊಬ್ಬನನ್ನು ಅವರು ಕೈಯಿಂದ ಸರಿಸಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಡಬ್ಬಿಯಿಂದ ಡಬ್ಬಿಗೆ ಕಿಟಕಿಯಲ್ಲಿ ಇಣುಕುತ್ತ ಹೋದರು. ನಾಲ್ಕನೆಯದರಲ್ಲಿ ಕ್ಯಾಪ್ಟನ್ ಮೆರಿಕ್ ಕೂತಿದ್ದ. ಕಿಟಕಿಯಲ್ಲಿ ಮೂಡಿದ ಮುಖ ನೋಡಿ ಅವನು ಎದ್ದು ನಿಂತ, ಮೇಲಿನ ಸಾಮಾನಿನ ಹಲಗೆಗೆ ತಲೆ ಹೊಡೆದುಕೊಂಡ.

"ದೊರೆಗಳೇ... ನೀವು ಹೋಗ್ಬಿಟ್ರಂತೆ."

"ಹೌದಂತೆ. ನಾನೂ ಪತ್ರಿಕೆಯಲ್ಲಿ ಓದಿದೆ. ನಂಬಬೇಡಿ."

ಕ್ಯಾಪ್ಟನ್ನನ ಕಣ್ಣು ದೊರೆಗಳ ಎದೆಯ ಮೇಲೆ, ತಲೆಬುರುಡೆಯ ಕೆಳಗೆ, ಬೆಳ್ಳಿ ದಾರದಲ್ಲಿ ಹೊಲಿದ ಅಕ್ಷರಗಳ ಮೇಲೆ ನಿಂತಿತು. ಅವನಿಗೆ ಲ್ಯಾಟಿನ್ ಬರುತ್ತಿತ್ತು. "ಮತ್ತೆ ಎದ್ದು ಬರುವೆನು ಅಂತ ಬರೆದಿದೆಯಲ್ಲ..."

"ಅದು ದರ್ಜಿಯವಳ ಕೆಲಸ."

"ಬಾಗಿಲ ಮೇಲಿನ ಹಲಗೆ?"

"ಒಣಗೋಕೆ ಹಾಕಿದ್ದು."

ಗಾರ್ಡ್ ಸೀಟಿ ಊದಿದ. ದೊರೆಗಳು ಡಬ್ಬಿಯ ಬಾಗಿಲು ತೆಗೆದು, ಹಿಡಿದುಕೊಂಡೇ ನಿಂತರು. ಬಾಗಿಲು ತೆರೆದಿರುವಾಗ ರೈಲು ಹೊರಡುವಂತಿಲ್ಲ. ಗಾರ್ಡ್ ಓಡಿಬಂದ, ಹತ್ತಿರ ಬಂದು ನೋಡಿ ದೂರ ನಿಂತ. ಪ್ರಯಾಣಿಕರೆಲ್ಲ ತಲೆ ಹೊರಗೆ ಹಾಕಿದರು.

"ಕ್ಯಾಪ್ಟನ್ ಅವರೇ, ನಾನು ನಿಮ್ಮನ್ನ..." ಎಂದು ದೊರೆಗಳು ಶುರುಮಾಡಿದರು. ಮಾತು ನಿಂತಿತು. ಇಂಥದ್ದನ್ನು ಹೇಳಲು ಅವರು ಕಲಿತ ಭಾಷೆಯಲ್ಲಿ ಮರ್ಯಾದೆಯ ದಾರಿಯೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡರು. "ನನ್ನ ಮಗಳನ್ನ ಮದುವೆ ಆಗ್ತೀಯೇನಪ್ಪಾ, ಇಲ್ವಾ? ಅದನ್ನ ಹೇಳು ನೀನು!"

ಸತ್ತವರು ಎದ್ದುಬಂದಾಗ ಮರ್ಯಾದೆಯಿಂದ ಟೋಪಿ ತೆಗೆದಿದ್ದ ಜನ ಈಗ ಬಾಯಿ ತೆರೆದು ನಿಂತರು. ದೆವ್ವಗಳನ್ನು ಲಿಂಕನ್‌ಶೈರ್ ಕಂಡಿತ್ತು. ಹೆಣ್ಣಿನ ತಂದೆಯೊಬ್ಬ ರೈಲಿನ ಬಾಗಿಲು ಹಿಡಿದು ಹೀಗೆ ಕೇಳಿದ್ದನ್ನು ಕಂಡಿರಲಿಲ್ಲ. ಮೊದಲನೆಯ ದರ್ಜೆಯ ಡಬ್ಬಿಯಲ್ಲಿ ಒಬ್ಬ ಹೆಂಗಸು ಕಿಟಕಿಯ ಪರದೆ ಎಳೆದುಕೊಂಡಳು.

ಕ್ಯಾಪ್ಟನ್ನನ ಕಿವಿ ಕೆಂಪಾಯಿತು. "ಮೂರು ವರ್ಷದಿಂದ ಅದನ್ನೇ ಕೇಳ್ಬೇಕು ಅಂತ ಬರ್ತಿದ್ದೆ. ಬಾಯಿ ತೆಗೆದ್ರೆ ಸಮುದ್ರವೇ ಬರೋದು."

"ನನಗೂ ಹಾಗೇ. ಇವತ್ತೇ ಮೊದಲನೇ ಸಲ ಕೇಳ್ತಿರೋದು. ಒಂದ್ಸಲ ಬಾಯಿಬಿಟ್ರೆ ಅಷ್ಟೇನೂ ನೋವಾಗಲ್ಲ. ಇಳಿ."

"ರೈಲು..."

"ನಾಲ್ಕೂ ಹತ್ತಕ್ಕೆ ಇನ್ನೊಂದಿದೆ. ಹಡಗು ನಾಳೆ. ಇಳಿ ಅಂದೆ!"

ಕ್ಯಾಪ್ಟನ್ ಇಳಿದ. ಅವನ ಪೆಟ್ಟಿಗೆಗಳು ಒಂದೊಂದೂ ಹೆಸರು ಬರೆಸಿಕೊಂಡು ಅದೇ ರೈಲಿನಲ್ಲಿ ಚೀನಾದ ಕಡೆ ಹೊರಟುಹೋದವು.

ಮನೆಯ ಅಂಗಳದಲ್ಲಿ ಆ ಹೊತ್ತಿಗೆ ಏಳು ಗಾಡಿ ನಿಂತಿದ್ದವು. ಅಂತ್ಯಕ್ರಿಯೆಯ ಹೊತ್ತು ಗೊತ್ತುಮಾಡಲು ಪಾದ್ರಿಗಳು ಬಂದಿದ್ದರು. ಲೇಡಿ ವರ್ಲಿಂಗ್ ಬಂದಿದ್ದರು. ಹಳ್ಳಿಯ ಜನ ಗೇಟಿನವರೆಗೆ ತುಂಬಿದ್ದರು. ಮೆಟ್ಟಿಲ ಮೇಲೆ, ಕೊಕ್ಕರೆಗಳ ಕೆಳಗೆ, ಕಪ್ಪು ಉಡುಪಿನ ಲೆಟಿಷಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಡ್ರುಸಿಲ್ಲಾ ಮಾತಾಡುತ್ತಿದ್ದರು: "ತಮ್ಮನಿಗೆ ಏನೂ ಆಗಿಲ್ಲ, ಒಳಗೆ ವಿಶ್ರಾಂತಿ ತಗೋತಿದ್ದಾನೆ. ಸತ್ತದ್ದು ಮದೀರಾದಲ್ಲಿದ್ದ ನಮ್ಮ ದೂರದ ದಾಯಾದಿ, ಬಹಳ ಗಂಭೀರ ಮನುಷ್ಯ..."

ಅಷ್ಟರಲ್ಲಿ ದೊರೆಗಳು ಗಾಡಿ ಹೊಡೆದುಕೊಂಡು ಒಳಗೆ ಬಂದರು. ಕೂದಲಿನ ಟೋಪಿ ಗಾಳಿಗೆ ಹಿಂದುಮುಂದಾಗಿತ್ತು. ಡ್ರುಸಿಲ್ಲಾ ಅರ್ಧ ಮಾತಿನಲ್ಲೇ ಬಾಯಿ ಮುಚ್ಚಿದರು. ಲೇಡಿ ವರ್ಲಿಂಗ್ ಕನ್ನಡಕ ಏರಿಸಿ ದೊರೆಗಳನ್ನು ನೋಡಿದರು, ಆಮೇಲೆ ಪಕ್ಕದಲ್ಲಿ ಕೂತಿದ್ದ ತಮ್ಮ ಅಕ್ಕನ ಮಗನನ್ನು ನೋಡಿದರು, ಕನ್ನಡಕ ಇಳಿಸಿದರು.

ಕ್ಯಾಪ್ಟನ್ ಗಾಡಿಯಿಂದ ಹಾರಿ, ಜಲ್ಲಿಯ ಮೇಲೆ ನಡೆದು, ಲೆಟಿಷಾಳ ಎದುರು ನಿಂತ. 

"ಮಿಸ್ ಲೆಟಿಷಾ," ಎಂದ. "ಚೀನಾ ಸಮುದ್ರದಲ್ಲಿ ನೀರಿನ ಆಳ ಕೆಲವು ಕಡೆ..."

ಗಾಡಿಯಲ್ಲಿದ್ದ ದೊರೆಗಳು ಜೋರಾಗಿ ಕೆಮ್ಮಿದರು.

"ಹೂಂ," ಎಂದಳು ಲೆಟಿಷಾ.

"ನಾನಿನ್ನೂ ಕೇಳಿಲ್ಲ."

"ನೀವು ಕೇಳೋಷ್ಟರಲ್ಲಿ ನಾಲ್ಕು ಗಂಟೆ ರೈಲೂ ಹೋಗುತ್ತೆ. ಮೂರು ವರ್ಷ ಕಾದಿದ್ದೀನಿ, ಇನ್ನೂ ಮೂರು ವರ್ಷ ಕಾಯ್ತೀನಿ. ಹೂಂ ಅಂದೆನಲ್ಲ."

ಕ್ಯಾಪ್ಟನ್ ಅವಳ ಕೈ ಹಿಡಿದ. ಕೈಗವಸು ಹಳೆಯದೇ. ಡ್ರುಸಿಲ್ಲಾ ಅದನ್ನು ನೋಡಿದರು, ಏನೋ ಹೇಳಲು ಹೋದರು, ಹೇಳದೆ ಕರವಸ್ತ್ರ ಹುಡುಕಿದರು. ಸ್ಪೆಡಿಂಗ್ ಒಳಗೆ ಹೋಗಿ ಯಾರ ಅಪ್ಪಣೆಗೂ ಕಾಯದೆ ಪರದೆಗಳನ್ನು ಒಂದೊಂದಾಗಿ ಎತ್ತತೊಡಗಿದ.

ಗೊಂದಲಕ್ಕೆ ಬಿದ್ದವರು ಪಾದ್ರಿಗಳು ಒಬ್ಬರೇ. ಕೈಯಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿದು ಗಾಡಿಯ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ವಿಚಾರಿಸಿದರು: "ದೊರೆಗಳೇ, ಹಾಗಾದ್ರೆ ಅಂತ್ಯಕ್ರಿಯೆ ಎಷ್ಟು ಗಂಟೆಗೆ ಇಟ್ಕೊಳ್ಳೋಣ? ಗೋರಿ ತೆಗೆಸಿಬಿಟ್ಟಿದ್ದೀನಿ."

ದೊರೆಗಳು ಮಗಳ ಕಡೆ ನೋಡುತ್ತಲೇ ಇದ್ದರು. ಕಣ್ಣು ಒರೆಸಿಕೊಂಡು ಕೆಂಪು ಕಾಲನ್ನು ಕೆಳಗಿಟ್ಟರು.

"ತೆಗೆದಿದ್ದು ತೆಗೆದಿರಲಿ ಪಾದ್ರಿಗಳೇ, ಅದೇನು ತಪ್ಪಲ್ಲ," ಎಂದರು. "ಆದ್ರೆ ಇವತ್ತು ನನ್ನ ಮಗಳ ನಿಶ್ಚಿತಾರ್ಥ. ನನಗೆ ಬಿಡುವಿಲ್ಲ."